ಮೂರು ಊರಿನ ಭತ್ತ, ಒಂದು ಲೆಕ್ಕ: ಲಿಂಕ್ ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕಾರಟಗಿ, ಸಿಂಧನೂರು, ಸಿರುಗುಪ್ಪ ಮೂರು ಕಡೆ ನಮ್ಮ ಭತ್ತ ಖರೀದಿ ಇದೆ. ಆಯಾ ಊರಿನ ಹುಡುಗರು ದಿನಾ ಸಂಜೆ ಎಕ್ಸೆಲ್ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಆ ಮೂರಕ್ಕೂ ಲಿಂಕ್ ಕೊಟ್ಟು ನನ್ನ ಮುಖ್ಯ ಫೈಲಿನಲ್ಲಿ ಒಟ್ಟು ಮೊತ್ತ ಬರುವಂತೆ ಮಾಡಿದ್ದೆ. ಮೊದಮೊದಲು ಸರಿ ಇತ್ತು. ಈಗ ಕೆಲವು ಸೆಲ್‌ಗಳಲ್ಲಿ #ರೆಫ್ ಅಂತ ಬರುತ್ತದೆ, ಕೆಲವು ಕಡೆ ಮೊನ್ನೆಯ ಮೊತ್ತವೇ ನಿಂತಿರುತ್ತದೆ. ಇವತ್ತಿನ ದರ ತಿದ್ದಿದರೆ ಹೋದ ವಾರದ ಬಿಲ್ಲೂ ಬದಲಾಗುತ್ತದೆ. ರೈತರ ಹೆಸರು ಹುಡುಕುವ ಫಾರ್ಮುಲಾ ಅರ್ಧ ಜನರ ಹೆಸರಿಗೆ ಕೈಕೊಡುತ್ತದೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಾನಾಗಿ ಬದಲಾಗುವಂತೆ ಮಾಡುವುದು ಹೇಗೆ?

ಉತ್ತರ: ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗಬೇಕು ಅನ್ನುವ ಆಸೆಯಲ್ಲೇ ನಿಮ್ಮ ಅರ್ಧ ತೊಂದರೆ ಇದೆ. ಲೆಕ್ಕದಲ್ಲಿ ಕೆಲವು ಸಂಗತಿ ಬದಲಾಗಬೇಕು, ಕೆಲವು ಯಾವ ಕಾರಣಕ್ಕೂ ಬದಲಾಗಬಾರದು. ರೈತರ ಫೋನ್ ನಂಬರ್ ಬದಲಾದರೆ ಎಲ್ಲ ಶೀಟಿನಲ್ಲೂ ಹೊಸದೇ ಕಾಣಲಿ. ಆದರೆ ಹೋದ ಮಂಗಳವಾರ ಕುದುರಿದ ದರ ಹೋದ ಮಂಗಳವಾರದ್ದೇ. ಆದ್ದರಿಂದ ದುಡ್ಡಿಗೆ ನೇರ ಪೆಟ್ಟು ಕೊಡುವ ದರದ ವಿಷಯವನ್ನೇ ಮೊದಲು ನೋಡೋಣ.

ಅದಕ್ಕೂ ಮುಂಚೆ ಒಂದು ಸೂಚನೆ. ಫಾರ್ಮುಲಾಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಫಾರ್ಮುಲಾದ ಹೆಸರು ಮತ್ತು ಕಾಲಂ ಅಕ್ಷರ ಇಂಗ್ಲಿಷ್‌ನಲ್ಲಿರಬೇಕು. ಶೀಟಿನ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು, ಎಕ್ಸೆಲ್ ಅದಕ್ಕೆ ತಕರಾರು ಮಾಡುವುದಿಲ್ಲ.

ನಿಮ್ಮ ಬಿಲ್ ಶೀಟಿನಲ್ಲಿ ಬಹುಶಃ =ಡಿ2*ದರ!$ಬಿ$2 ಎಂಬ ರೀತಿಯ ಫಾರ್ಮುಲಾ ಇದೆ. ಅಂದರೆ ‘ದರ’ ಶೀಟಿನ ಒಂದೇ ಸೆಲ್‌ನಲ್ಲಿ ಇವತ್ತಿನ ದರ, ಮೇಲಿನಿಂದ ಕೆಳಗಿನ ತನಕ ಎಲ್ಲ ಬಿಲ್ಲೂ ಅದಕ್ಕೇ ಜೋತುಬಿದ್ದಿವೆ. ಆ ಸೆಲ್ ತಿದ್ದಿದ ಗಳಿಗೆಯಲ್ಲಿ ತಿಂಗಳ ಹಿಂದಿನ ಬಟವಾಡೆಯ ಮೊತ್ತವೂ ತಿದ್ದಿಹೋಗುತ್ತದೆ. ನಗದು ಕೊಟ್ಟದ್ದು ಒಂದು, ಶೀಟು ತೋರಿಸುವುದು ಇನ್ನೊಂದು. ಇಲ್ಲಿ ಎಕ್ಸೆಲ್‌ನ ತಪ್ಪೇನೂ ಇಲ್ಲ, ಹೇಳಿದ್ದನ್ನೇ ಮಾಡಿದೆ.

ಭತ್ತದ ವ್ಯಾಪಾರದಲ್ಲಿ ದರ ಕುದುರುವುದು ಕಾಳಿನ ಬಣ್ಣ, ತೇವಾಂಶ, ತಳಿ ನೋಡಿ, ರಾಶಿಯ ಮುಂದೆ ನಿಂತು. ಒಂದೇ ದಿನ ಒಂದೇ ತಳಿಗೆ ಇಬ್ಬರು ರೈತರಿಗೆ ಎರಡು ದರ ಆಗುವುದುಂಟು. ಹಾಗಾಗಿ ಖರೀದಿ ದರಕ್ಕೆ ಲಿಂಕ್ ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ಆ ಚೀಟಿಯ ಸ್ವಂತ ಮಾಹಿತಿ. ಚೀಟಿಯ ಸಾಲಿನಲ್ಲೇ ಒಂದು ಕಾಲಂ ಮಾಡಿ ಅಂಕಿಯನ್ನು ಕೈಯಿಂದ ಹಾಕಿಸಿ.

ಹಮಾಲಿ ಕೂಲಿ ಹಾಗಲ್ಲ. ಒಮ್ಮೆ ಮಾತಾದರೆ ಮುಂದಿನ ಮಾತಿನವರೆಗೆ ಎಲ್ಲರಿಗೂ ಒಂದೇ. ಇಂಥದ್ದಕ್ಕೆ ಲಿಂಕ್ ಬೇಕು, ಆದರೆ ದಿನಾಂಕದ ಜೊತೆಗೆ. ‘ಹಮಾಲಿ’ ಎಂಬ ಶೀಟಿನಲ್ಲಿ ಎರಡು ಕಾಲಂ ಮಾಡಿ: ಎಂದಿನಿಂದ, ಎಷ್ಟು. ಉದಾಹರಣೆಗೆ ಏಪ್ರಿಲ್ 1ರ ಸಾಲಿನಲ್ಲಿ ಚೀಲಕ್ಕೆ 10, ನವೆಂಬರ್ 1ರ ಸಾಲಿನಲ್ಲಿ 12. ದರ ಏರಿದಾಗ ಹಳೆಯ ಸಾಲನ್ನು ತಿದ್ದಬೇಡಿ, ಕೆಳಗೆ ಹೊಸ ಸಾಲು ಸೇರಿಸಿ. ಬಿಲ್ ಶೀಟಿನಲ್ಲಿ =ವಿಲುಕಪ್(ಎ2,ಹಮಾಲಿ!$ಎ$2:$ಬಿ$50,2,1) ಎಂದು ಹಾಕಿದರೆ, ಎ2ರಲ್ಲಿರುವ ಬಿಲ್ ದಿನಾಂಕಕ್ಕೆ ಅಥವಾ ಅದಕ್ಕಿಂತ ಹಿಂದೆ ಜಾರಿಗೆ ಬಂದ ಕಟ್ಟಕಡೆಯ ದರವನ್ನು ಅದು ತರುತ್ತದೆ. ಅಕ್ಟೋಬರ್ 20ರ ಬಿಲ್ಲಿಗೆ 10, ನವೆಂಬರ್ 3ರ ಬಿಲ್ಲಿಗೆ 12. ಕೊನೆಯಲ್ಲಿರುವ 1ರ ಅರ್ಥ ‘ಸರಿಯಾಗಿ ಅದೇ ಸಿಗದಿದ್ದರೆ ಹಿಂದಿನದನ್ನು ಕೊಡು’ ಎಂದು. ಇದು ಕೆಲಸ ಮಾಡಬೇಕಾದರೆ ದಿನಾಂಕಗಳು ಮೇಲಿನಿಂದ ಕೆಳಕ್ಕೆ ಏರುವ ಕ್ರಮದಲ್ಲೇ ಇರಬೇಕು.

ದಿನಾಂಕ ಅಂದೆನಲ್ಲ, ಅದರಲ್ಲೊಂದು ಮುಳ್ಳಿದೆ. ನಮ್ಮಲ್ಲಿ ಕೈಬರಹದ ರೂಢಿಯಂತೆ ಬಹಳ ಜನ 12.11.2025 ಎಂದು ಚುಕ್ಕಿ ಇಟ್ಟು ಬರೆಯುತ್ತಾರೆ. ಕಂಪ್ಯೂಟರ್‌ಗಳ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎಕ್ಸೆಲ್ ಅದನ್ನು ದಿನಾಂಕ ಎಂದು ಒಪ್ಪುವುದಿಲ್ಲ, ಬರೀ ಅಕ್ಷರ ಎಂದು ಇಟ್ಟುಕೊಳ್ಳುತ್ತದೆ. ನೋಡಲು ದಿನಾಂಕದಂತೆಯೇ ಇರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಸೆಲ್‌ನ ಎಡಬದಿಗೆ ಅಂಟಿಕೊಂಡಿದ್ದರೆ ಅನುಮಾನ ಪಡಿ. =ಈಸ್‌ನಂಬರ್(ಎ2) ಹಾಕಿ ನೋಡಿದರೆ ಅನುಮಾನ ತೀರುತ್ತದೆ. ಅಡ್ಡಗೆರೆ ಅಥವಾ ಓರೆಗೆರೆ ಬಳಸಲು ಮೂರೂ ಊರಿನವರಿಗೆ ಹೇಳಿ. ಯಾರದಾದರೂ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 12-11 ಎಂಬುದು ಡಿಸೆಂಬರ್ 11 ಆಗಿಬಿಡುತ್ತದೆ. ಆಗ ಯಾವ ಎಚ್ಚರಿಕೆಯೂ ಬರುವುದಿಲ್ಲ, ಅದೇ ಹೆಚ್ಚು ಅಪಾಯ.

ಇನ್ನು ಹೆಸರು ಸಿಗದ ಕಥೆ. ಅದು ಹೆಸರಿಟ್ಟು ಹುಡುಕುವುದರಿಂದಲೇ ಬಂದದ್ದು. ಕಂಪ್ಯೂಟರ್‌ಗೆ ‘ಹನುಮಂತಪ್ಪ’ ಬೇರೆ, ಕೊನೆಯಲ್ಲಿ ಒಂದು ಖಾಲಿ ಜಾಗ ಇರುವ ‘ಹನುಮಂತಪ್ಪ ’ ಬೇರೆ, ‘ಹಣಮಂತಪ್ಪ’ ಮತ್ತೂ ಬೇರೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಪೀಡೆ ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ್ದು ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕುಳಿತಿರುತ್ತದೆ. ಯೂನಿಕೋಡ್‌ನಲ್ಲಿ ಟೈಪಿಸಿದ ಅದೇ ಹೆಸರಿಗೂ ಅದಕ್ಕೂ ಎಂದೂ ತಾಳೆ ಆಗುವುದಿಲ್ಲ. ಎರಡೂ ಯೂನಿಕೋಡ್ ಆಗಿದ್ದರೂ ಅರ್ಕಾವತ್ತು ಬರುವ ಹೆಸರುಗಳಲ್ಲಿ, ಒತ್ತಕ್ಷರ ಬಿಡಿಸಿ ಬರೆದ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಜೋಡಣೆ ಅಕ್ಷರಗಳು ಸೇರಿಕೊಂಡು ಆಟ ಆಡಿಸುತ್ತವೆ. ಟ್ರಿಮ್ ಫಾರ್ಮುಲಾ ಹಾಕಿದರೆ ಖಾಲಿ ಜಾಗವೇನೋ ಹೋಗುತ್ತದೆ, ಈ ಅಕ್ಷರಗಳು ಹೋಗುವುದಿಲ್ಲ.

ಇಷ್ಟೆಲ್ಲ ಸರಿಮಾಡಿದರೂ ಒಂದೇ ಊರಿನಲ್ಲಿ ನಾಲ್ವರು ಬಸವರಾಜ ಇದ್ದರೆ ಏನು ಮಾಡುತ್ತೀರಿ? ಅದಕ್ಕೇ ಪ್ರತಿ ರೈತರಿಗೂ ಒಂದು ಕೋಡ್ ಕೊಡಿ. ಕಾರಟಗಿಗೆ ಕೆ101, ಕೆ102, ಸಿಂಧನೂರಿಗೆ ಎಸ್101, ಸಿರುಗುಪ್ಪಕ್ಕೆ ಜಿ101. ಅಕ್ಷರವನ್ನು ಮುಂದಿಡುವುದಕ್ಕೂ ಕಾರಣವಿದೆ. ಬರೀ 0012 ಎಂದು ಕೊಟ್ಟರೆ ಒಬ್ಬರ ಫೈಲಿನಲ್ಲಿ ಅದು 12 ಎಂಬ ಅಂಕಿಯಾಗುತ್ತದೆ, ಇನ್ನೊಬ್ಬರ ಫೈಲಿನಲ್ಲಿ 0012 ಎಂಬ ಅಕ್ಷರವಾಗಿ ಉಳಿಯುತ್ತದೆ, ಎರಡೂ ಹೊಂದುವುದಿಲ್ಲ. ‘ರೈತರು’ ಶೀಟಿನಲ್ಲಿ ಕೋಡ್, ಹೆಸರು, ಊರು, ಫೋನ್ ಇರಲಿ. ಖರೀದಿ ಶೀಟಿನಲ್ಲಿ ಕೋಡ್ ಮಾತ್ರ ಟೈಪಿಸಿ, ಹೆಸರು ತಾನೇ ಬರಲಿ: =ವಿಲುಕಪ್(ಬಿ2,ರೈತರು!$ಎ:$ಡಿ,2,0).

ಇಲ್ಲಿ ಕೊನೆಯದು 0. ಹಮಾಲಿಗೆ 1 ಹಾಕಿದೆವು, ರೈತರಿಗೆ 0. ಇದನ್ನು ಅದಲುಬದಲು ಮಾಡಿದರೆ, ಅಥವಾ ಏನೂ ಹಾಕದೆ ಬಿಟ್ಟರೆ, ಎಕ್ಸೆಲ್ ಹತ್ತಿರದ ಬೇರೆ ಯಾರದೋ ಹೆಸರನ್ನು ಧೈರ್ಯವಾಗಿ ತಂದು ಕೂರಿಸುತ್ತದೆ. #ಎನ್/ಎ (ಹುಡುಕಿದ್ದು ಸಿಗಲಿಲ್ಲ ಎಂಬ ಗುರುತು) ಬಂದರೆ ಕನಿಷ್ಠ ಗೊತ್ತಾಗುತ್ತದೆ. ತಪ್ಪು ಹೆಸರು ಬಂದದ್ದು ಗೊತ್ತಾಗುವುದು ರೈತ ಅಂಗಡಿಗೆ ಬಂದು ಜಗಳ ತೆಗೆದಾಗಲೇ. ಆಫೀಸಿನ ಎಕ್ಸೆಲ್ 2021 ಅಥವಾ 365 ಆಗಿದ್ದರೆ ಎಕ್ಸ್‌ಲುಕಪ್ ಬಳಸಿ, ಅದು ಏನೂ ಹೇಳದಿದ್ದರೂ ಸರಿಯಾಗಿ ಹೊಂದುವುದನ್ನೇ ಹುಡುಕುತ್ತದೆ. ಆದರೆ ಸಿಂಧನೂರಿನ ಕಂಪ್ಯೂಟರ್‌ನಲ್ಲಿ 2016 ಇದ್ದರೆ ಆ ಫಾರ್ಮುಲಾ ಅಲ್ಲಿ ಕೆಲಸ ಮಾಡುವುದಿಲ್ಲ. ನಾಲ್ಕೂ ಕಂಪ್ಯೂಟರ್‌ಗಳಲ್ಲಿ ಯಾವ ಆವೃತ್ತಿ ಇದೆ ಎಂದು ಕೇಳಿಕೊಂಡೇ ಮುಂದುವರಿಯಿರಿ.

#ಎನ್/ಎ ಅಸಹ್ಯವಾಗಿ ಕಾಣುತ್ತದೆ ಎಂದು ಬಹಳ ಜನ ಅದರ ಮೇಲೆ ಇಫ್‌ಎರರ್ ಹೊದಿಸಿ ಸೊನ್ನೆ ಮಾಡುತ್ತಾರೆ. ದುಡ್ಡಿನ ಕಾಲಂನಲ್ಲಿ ಹಾಗೆ ಮಾಡಬೇಡಿ. ಕೋಡ್ ತಪ್ಪಿದ ಚೀಟಿಯ ಮೊತ್ತ ಸೊನ್ನೆಯಾಗಿ ಒಟ್ಟಿನಲ್ಲಿ ಕರಗಿಹೋಗುತ್ತದೆ, ಹುಡುಕಲು ದಾರಿಯೇ ಇರುವುದಿಲ್ಲ.

ಸಾಲಿಗೆ ಸಾಲು ನೇರ ಲಿಂಕ್ ಮಾಡುವುದರಲ್ಲಿ, ಅಂದರೆ =ಖರೀದಿ!ಎ2, ಅದರ ಕೆಳಗೆ =ಖರೀದಿ!ಎ3 ಎಂದು ಎಳೆದುಕೊಂಡು ಹೋಗುವುದರಲ್ಲಿ ಇನ್ನೊಂದು ಮೋಸವಿದೆ. ಪಕ್ಕದಲ್ಲಿ ನೀವು ‘ಚೆಕ್ ಕೊಟ್ಟಿದೆ’, ‘ಬಾಕಿ’ ಎಂದು ಕೈಯಿಂದ ಬರೆದಿಟ್ಟಿರುತ್ತೀರಿ. ಯಾರೋ ಮೂಲ ಶೀಟನ್ನು ಹೆಸರಿನ ಪ್ರಕಾರ ಸಾರ್ಟ್ ಮಾಡುತ್ತಾರೆ. ಲಿಂಕ್ ಇರುವ ಹೆಸರುಗಳು ಜಾಗ ಬದಲಿಸುತ್ತವೆ, ನೀವು ಬರೆದದ್ದು ಅಲ್ಲೇ ಉಳಿಯುತ್ತದೆ. ಒಬ್ಬರ ಚೆಕ್ಕು ಇನ್ನೊಬ್ಬರ ಹೆಸರಿನ ಮುಂದೆ! ಲಿಂಕ್‌ನಿಂದ ಬಂದ ಪಟ್ಟಿಯ ಪಕ್ಕ ಕೈಬರಹದ ಕಾಲಂ ಇಡಲೇಬಾರದು. ಬಟವಾಡೆಯ ವಿವರಕ್ಕೆ ಬೇರೆ ಶೀಟು, ಅಲ್ಲೂ ಚೀಟಿ ನಂಬರ್ ಅಥವಾ ಕೋಡ್, ಎರಡನ್ನೂ ಕೂಡಿಸುವುದು ಲುಕಪ್ ಕೆಲಸ.

ಈಗ ಫೈಲಿನಿಂದ ಫೈಲಿಗೆ. ನಿಮ್ಮ ಹಳೆಯ ಮೊತ್ತ ನಿಂತಿರುವುದಕ್ಕೆ ವಾಟ್ಸ್‌ಆ್ಯಪ್ಪೇ ಕಾರಣ ಇರಬಹುದು. ‘ಸಿಂಧನೂರು’ ಎಂಬ ಫೈಲನ್ನು ಎರಡನೇ ಸಲ ಡೌನ್‌ಲೋಡ್ ಮಾಡಿದಾಗ ಕಂಪ್ಯೂಟರ್ ಅದಕ್ಕೆ ‘ಸಿಂಧನೂರು (1)’ ಎಂದು ಹೆಸರಿಡುತ್ತದೆ, ಮೂರನೇ ಸಲ (2). ನಿಮ್ಮ ಲಿಂಕ್ ಮಾತ್ರ ಮೊದಲ ದಿನದ ಫೈಲನ್ನೇ ನಿಷ್ಠೆಯಿಂದ ಓದುತ್ತಿರುತ್ತದೆ. ಇಂಟರ್ನೆಟ್‌ನಿಂದ ಬಂದ ಫೈಲು ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆದುಕೊಳ್ಳುತ್ತದೆ, ಎನೇಬಲ್ ಎಡಿಟಿಂಗ್ ಒತ್ತುವವರೆಗೂ ಅದರೊಳಗಿನ ಲಿಂಕ್‌ಗಳು ಹೊಸದಾಗುವುದಿಲ್ಲ, ಇದೂ ನೆನಪಿರಲಿ. ಮುಖ್ಯ ಫೈಲು ತೆರೆದಾಗ ‘ಅಪ್‌ಡೇಟ್ ಮಾಡಲೇ’ ಎಂದು ಕೇಳುತ್ತದಲ್ಲ, ಅವಸರದಲ್ಲಿ ಬೇಡ ಅಂದಿರಾದರೂ ಹಳೆಯ ಅಂಕಿಯೇ ಉಳಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ಯಾವ ಗುರುತೂ ಇಲ್ಲದ ತಪ್ಪು. ನಿಮ್ಮ ಮುಖ್ಯ ಫೈಲು ಮುಚ್ಚಿದೆ ಎಂದುಕೊಳ್ಳಿ. ಸಿರುಗುಪ್ಪದ ಹುಡುಗ ತನ್ನ ಫೈಲಿನಲ್ಲಿ ಮೇಲೆ ಒಂದು ಸಾಲು ಸೇರಿಸಿದ. ಒಟ್ಟು ಮೊತ್ತ ಎಫ್40ರಿಂದ ಎಫ್41ಕ್ಕೆ ಇಳಿಯಿತು. ಎರಡೂ ಫೈಲು ಒಟ್ಟಿಗೆ ತೆರೆದಿದ್ದರೆ ಎಕ್ಸೆಲ್ ಲಿಂಕನ್ನೂ ಸರಿಸುತ್ತಿತ್ತು. ಮುಚ್ಚಿದ ಫೈಲಿಗೆ ಇದು ಗೊತ್ತಾಗುವುದಿಲ್ಲ, ಅದು ಎಫ್40ನ್ನೇ ಓದುತ್ತದೆ. ಅಲ್ಲಿ ಈಗ ಕೊನೆಯ ರೈತನ ಮೊತ್ತ ಇದೆ. #ರೆಫ್ ಇಲ್ಲ, ಎಚ್ಚರಿಕೆ ಇಲ್ಲ, ನೋಡಲು ನಿಜದಂತಿರುವ ಒಂದು ಅಂಕಿ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ತೂಬು ತಿರುಗಿಸಿದ್ದು ಕೊನೆ ಭಾಗದವರಿಗೆ ತಿಳಿಯುವುದು ಗದ್ದೆ ಒಣಗಿದ ಮೇಲೆಯೇ. ಫೈಲುಗಳ ಲಿಂಕೂ ಹಾಗೇ, ಒಂದರಿಂದ ಒಂದಕ್ಕೆ, ಅದರಿಂದ ಇನ್ನೊಂದಕ್ಕೆ ಸರಪಳಿ ಉದ್ದವಾದಷ್ಟೂ ಕೊನೆಯವರಿಗೆ ಕಷ್ಟ. ಅನಿವಾರ್ಯವಾಗಿ ಒಂದು ಸೆಲ್‌ಗೆ ಲಿಂಕ್ ಕೊಡಲೇಬೇಕಾದರೆ, ಮೂಲ ಫೈಲಿನಲ್ಲಿ ಆ ಸೆಲ್‌ಗೆ ‘ಒಟ್ಟುಮೊತ್ತ’ ಎಂದೇನಾದರೂ ಹೆಸರಿಟ್ಟು ಆ ಹೆಸರಿಗೇ ಲಿಂಕ್ ಕೊಡಿ. ಸಾಲು ಸರಿದರೆ ಹೆಸರೂ ಜೊತೆಗೆ ಸರಿಯುತ್ತದೆ.

#ರೆಫ್ ಬಂದ ಕಡೆ ಬಹುಶಃ ಯಾರೋ ಶೀಟನ್ನೋ ಸಾಲನ್ನೋ ಅಳಿಸಿದ್ದಾರೆ. ಅಥವಾ ನೀವು ಇನ್‌ಡೈರೆಕ್ಟ್ (ಅಕ್ಷರವಾಗಿ ಬರೆದ ವಿಳಾಸವನ್ನು ಸೆಲ್ ವಿಳಾಸವೆಂದು ಓದುವ ಫಾರ್ಮುಲಾ) ಬಳಸಿದ್ದೀರಿ. ಮೂಲ ಫೈಲು ಮುಚ್ಚಿದ್ದರೆ ಇನ್‌ಡೈರೆಕ್ಟ್ ಕೆಲಸ ಮಾಡುವುದಿಲ್ಲ. ಸಮ್‌ಇಫ್, ಸಮ್‌ಇಫ್ಸ್, ಕೌಂಟ್‌ಇಫ್ ಕೂಡ ಮುಚ್ಚಿದ ಫೈಲಿನ ಮುಂದೆ ಸೋಲುತ್ತವೆ, #ವ್ಯಾಲ್ಯೂ ಕೊಡುತ್ತವೆ. ವಿಲುಕಪ್‌ಗೆ, ಇಂಡೆಕ್ಸ್-ಮ್ಯಾಚ್ ಜೋಡಿಗೆ, ಸಮ್‌ಪ್ರಾಡಕ್ಟ್‌ಗೆ ಆ ತೊಂದರೆ ಇಲ್ಲ. ಇನ್ನೊಂದು ಸಣ್ಣ ವಿಚಾರ: ಬೇರೆ ಫೈಲಿನ ಸೆಲ್ ಮೇಲೆ ಕ್ಲಿಕ್ ಮಾಡಿ ಲಿಂಕ್ ಕೊಟ್ಟರೆ ಎಕ್ಸೆಲ್ ತಾನಾಗಿಯೇ ಡಾಲರ್ ಚಿಹ್ನೆ ಹಾಕುತ್ತದೆ. ಕೆಳಗೆ ಎಳೆದರೆ ಎಲ್ಲ ಸಾಲಿನಲ್ಲೂ ಒಂದೇ ಅಂಕಿ ಬರುವುದು ಅದಕ್ಕೇ. ಎಫ್4 ಕೀ ಒತ್ತುತ್ತಾ ಹೋದರೆ ಡಾಲರ್ ಹೋಗುತ್ತದೆ.

ಹಾಗಾದರೆ ಮೂರು ಊರನ್ನು ಕೂಡಿಸುವುದು ಹೇಗೆ? ನನ್ನ ಓಟು ಫೋಲ್ಡರ್ ಪದ್ಧತಿಗೆ. ಎಕ್ಸೆಲ್ 2016ರಿಂದ ಈಚೆಗೆ ಡೇಟಾ ಮೆನುವಿನಲ್ಲಿ ಗೆಟ್ ಡೇಟಾ ಎಂಬುದು ಇದೆ (2016ರಲ್ಲಿ ನ್ಯೂ ಕ್ವೆರಿ ಎಂದು ಕಾಣಬಹುದು), ಅದರೊಳಗೆ ಫ್ರಮ್ ಫೈಲ್, ಅದರೊಳಗೆ ಫ್ರಮ್ ಫೋಲ್ಡರ್. ಪವರ್ ಕ್ವೆರಿ ಅನ್ನುವುದು ಇದನ್ನೇ. ಒಂದು ಫೋಲ್ಡರ್ ಮಾಡಿ ಅದರಲ್ಲಿ ಮೂರು ಫೈಲು ಮಾತ್ರ ಇಡಿ. ಫೋಲ್ಡರ್ ತೋರಿಸಿ ಕಂಬೈನ್ ಕೊಟ್ಟರೆ ಮೂರೂ ಫೈಲಿನ ಸಾಲುಗಳು ಒಂದರ ಕೆಳಗೊಂದು ಸೇರಿ ಒಂದೇ ಉದ್ದ ಪಟ್ಟಿಯಾಗುತ್ತವೆ, ಯಾವ ಸಾಲು ಯಾವ ಫೈಲಿನದು ಎಂಬ ಕಾಲಂ ಕೂಡ ಬರುತ್ತದೆ. ದಿನಾ ಸಂಜೆ ಬಂದ ಫೈಲನ್ನು ಹಳೆಯದರ ಮೇಲೆ ಅದೇ ಹೆಸರಿನಲ್ಲಿ ಹಾಕಿ, ರಿಫ್ರೆಶ್ ಆಲ್ ಒತ್ತಿದರೆ ಆಯಿತು. ಇಲ್ಲಿ ಸೆಲ್ ವಿಳಾಸದ ಹಂಗೇ ಇಲ್ಲ, ಯಾರು ಎಷ್ಟು ಸಾಲು ಸೇರಿಸಿದರೂ ಚಿಂತೆಯಿಲ್ಲ.

ಶರತ್ತುಗಳಿವೆ. ಮೂರೂ ಫೈಲಿನಲ್ಲಿ ಶೀಟಿನ ಹೆಸರು, ಕಾಲಂ ತಲೆಬರಹ ಅಕ್ಷರಶಃ ಒಂದೇ ಇರಬೇಕು. ಒಬ್ಬ ‘ತೂಕ’ ಎಂದು, ಇನ್ನೊಬ್ಬ ‘ತೂಕ ಕ್ವಿಂ’ ಎಂದು ಬರೆದರೆ ಕೆಡುತ್ತದೆ. ಖಾಲಿ ಮಾದರಿ ಫೈಲನ್ನು ನೀವೇ ಮಾಡಿ ಮೂವರಿಗೂ ಕಳಿಸಿ, ತಲೆಬರಹದ ಸಾಲಿಗೆ ಪ್ರೊಟೆಕ್ಟ್ ಹಾಕಿ. (1), (2) ಎಂಬ ಬಾಲ ಇರುವ ಫೈಲು ಆ ಫೋಲ್ಡರ್‌ಗೆ ಬಿದ್ದರೆ ಅದೇ ಖರೀದಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇದೊಂದರ ಮೇಲೆ ಕಣ್ಣಿರಲಿ.

ಅಳತೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಭತ್ತದ ದರದ ಮಾತು 75 ಕೆ.ಜಿ. ಚೀಲದ ಮೇಲೆ, ವೇಬ್ರಿಡ್ಜ್ ಚೀಟಿ ಕಿಲೋದಲ್ಲಿ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. 400 ಚೀಲ ಅಂದರೂ 300 ಕ್ವಿಂಟಲ್ ಅಂದರೂ ಒಂದೇ ಭತ್ತ. ಕಾರಟಗಿಯವರು 400 ಎಂದು, ಸಿಂಧನೂರಿನವರು 300 ಎಂದು ಹಾಕಿದರೆ ಲಿಂಕ್ ಎಷ್ಟೇ ಸರಿಯಿದ್ದರೂ ಬರುವ 700 ಯಾವ ಅಳತೆಯೂ ಅಲ್ಲ. ಎಲ್ಲರೂ ಕಿಲೋದಲ್ಲೇ ತುಂಬಲಿ, ಚೀಲ ಬೇಕಾದರೆ ಮುಖ್ಯ ಫೈಲಿನಲ್ಲಿ 75ರಿಂದ ಭಾಗಿಸಿ. ತಳಿಯ ಹೆಸರೂ ಹಾಗೇ: ಒಬ್ಬರು ‘ಸೋನಾ’, ಇನ್ನೊಬ್ಬರು ‘ಸೋನಾ ಮಸೂರಿ’ ಎಂದರೆ ಮೊತ್ತ ಎರಡು ಪಾಲಾಗುತ್ತದೆ. ಡೇಟಾ ವ್ಯಾಲಿಡೇಶನ್‌ನಿಂದ ಪಟ್ಟಿ ಕೊಟ್ಟು, ಅದರಿಂದಲೇ ಆರಿಸುವಂತೆ ಮಾಡಿ.

ಒಟ್ಟು ಪಟ್ಟಿ ಒಂದೇ ಫೈಲಿನೊಳಗೆ ಬಂದ ಮೇಲೆ ಸಮ್‌ಇಫ್ಸ್ ನಿರಾತಂಕವಾಗಿ ಕೆಲಸ ಮಾಡುತ್ತದೆ. ಊರು, ತಳಿ, ತಿಂಗಳು ಯಾವುದರ ಪ್ರಕಾರ ಬೇಕೋ ಹಾಗೆ: =ಸಮ್‌ಇಫ್ಸ್(ಒಟ್ಟು!$ಎಫ್:$ಎಫ್,ಒಟ್ಟು!$ಸಿ:$ಸಿ,$ಎ2,ಒಟ್ಟು!$ಡಿ:$ಡಿ,ಬಿ$1). ಇಲ್ಲಿ ಎ ಕಾಲಂನಲ್ಲಿ ಊರುಗಳು, ಮೇಲಿನ ಸಾಲಿನಲ್ಲಿ ತಳಿಗಳು. ಜೊತೆಗೆ ಒಂದು ತಾಳೆ ಸಾಲು ಇಟ್ಟುಕೊಳ್ಳಿ. ಮೂರೂ ಊರಿನವರು ಫೈಲಿನ ಜೊತೆ ‘ಇವತ್ತಿಗೆ ಇಷ್ಟು ಚೀಟಿ, ಇಷ್ಟು ಕಿಲೋ’ ಎಂದು ಮೆಸೇಜ್‌ನಲ್ಲಿ ಬರೆಯಲಿ. ಅದನ್ನು ಕೈಯಿಂದ ಹಾಕಿ, ನಿಮ್ಮ ಪಟ್ಟಿಯ ಮೊತ್ತದಿಂದ ಕಳೆಯಿರಿ. ಸೊನ್ನೆ ಬರದಿದ್ದರೆ ಅವತ್ತೇ ಹುಡುಕಿ. ಸುಗ್ಗಿ ಮುಗಿದ ಮೇಲೆ ಹುಡುಕುವ ಕೆಲಸ ಯಾರಿಗೂ ಬೇಡ.

ಗೂಗಲ್ ಶೀಟ್ಸ್ ಆಗದೇ ಎಂದು ಕೇಳಬಹುದು. ಮೂರೂ ಕಡೆ ನೆಟ್ ಚೆನ್ನಾಗಿದ್ದರೆ ಆಗುತ್ತದೆ, ಫೈಲು ಕಳಿಸುವ ರಗಳೆಯೇ ಇರುವುದಿಲ್ಲ. ಅಲ್ಲಿ ಬೇರೆ ಫೈಲಿನಿಂದ ತರುವ ಫಾರ್ಮುಲಾ ಇಂಪೋರ್ಟ್‌ರೇಂಜ್: ಫೈಲಿನ ವಿಳಾಸ, ಆಮೇಲೆ ಶೀಟಿನ ಹೆಸರು ಮತ್ತು ವ್ಯಾಪ್ತಿ, ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಕೊಡಬೇಕು. ಮೊದಲ ಸಲ ಅನುಮತಿ ಕೇಳುತ್ತದೆ, ಒಪ್ಪಬೇಕು. ಆದರೆ ಒಮ್ಮೆ ಒಪ್ಪಿದರೆ, ತರುವ ಫೈಲನ್ನು ತಿದ್ದುವ ಹಕ್ಕಿರುವ ಯಾರು ಬೇಕಾದರೂ ಮೂಲ ಫೈಲಿನ ಯಾವ ಶೀಟನ್ನಾದರೂ ಎಳೆದುಕೊಳ್ಳಬಹುದು. ರೈತರ ಆಧಾರ್, ಬ್ಯಾಂಕ್ ಖಾತೆ ನಂಬರ್ ಆ ಫೈಲಿನಲ್ಲಿ ಇಡಬೇಡಿ. ನನ್ನನ್ನು ಕೇಳಿದರೆ, ಗೂಗಲ್‌ಗೆ ಹೋಗುವುದೇ ಆದರೆ ಇಂಪೋರ್ಟ್‌ರೇಂಜ್ ಕೂಡ ಬೇಡ. ಒಂದೇ ಫೈಲು, ಊರಿಗೊಂದು ಶೀಟು, ಅವರವರ ಶೀಟು ಅವರೇ ತಿದ್ದುವಂತೆ ಬೀಗ. ಫೈಲಿನ ಲೊಕೇಲ್ ಇಂಡಿಯಾ ಎಂದಿದೆಯೇ ನೋಡಿಕೊಳ್ಳಿ, ದಿನಾಂಕದ ಮುಳ್ಳು ಅಲ್ಲೂ ಇದೆ.

ಎರಡೂ ಕಡೆ ತಿದ್ದಿ ಎರಡೂ ಕಡೆ ಬದಲಾಗುವಂತೆ ಫಾರ್ಮುಲಾದಿಂದ ಮಾಡಲಾಗದು. ಎ ಸೆಲ್ ಬಿಯನ್ನು ನೋಡಿ, ಬಿ ಸೆಲ್ ಎಯನ್ನು ನೋಡಿದರೆ ಎಕ್ಸೆಲ್ ಸರ್ಕ್ಯುಲರ್ ರೆಫರೆನ್ಸ್ ಎಂದು ಕೈ ಎತ್ತುತ್ತದೆ. ಲಿಂಕ್ ಇರುವ ಸೆಲ್ ಮೇಲೆ ಟೈಪಿಸಿದರೆ ಲಿಂಕೇ ಅಳಿಸಿಹೋಗುತ್ತದೆ, ಅಷ್ಟೇ. ತಿದ್ದುವ ಜಾಗ ಒಂದೇ, ಉಳಿದವು ನೋಡುವ ಜಾಗ.

ಈಗಿರುವ ಫೈಲನ್ನು ಏನು ಮಾಡುವುದು? ಮೊದಲು ಅದರ ಒಂದು ಪ್ರತಿ ಬೇರೆ ಕಡೆ ಇಡಿ. ಡೇಟಾ ಮೆನುವಿನ ಎಡಿಟ್ ಲಿಂಕ್ಸ್‌ನಲ್ಲಿ (ಹೊಸ 365ರಲ್ಲಿ ಅದರ ಹೆಸರು ವರ್ಕ್‌ಬುಕ್ ಲಿಂಕ್ಸ್) ಯಾವ ಯಾವ ಫೈಲಿಗೆ ಜೋಡಣೆ ಇದೆ ಎಂಬ ಪಟ್ಟಿ ಕಾಣುತ್ತದೆ. ಅಂಕಿಗಳನ್ನು ಚೀಟಿಗಳ ಜೊತೆ ತಾಳೆ ನೋಡಿ, ಸರಿಪಡಿಸಿ, ಆಮೇಲೆ ಬ್ರೇಕ್ ಲಿಂಕ್ ಒತ್ತಿ. ಫಾರ್ಮುಲಾ ಹೋಗಿ ಅಂಕಿ ಗಟ್ಟಿಯಾಗಿ ಉಳಿಯುತ್ತದೆ. ಇದನ್ನು ಹಿಂದಕ್ಕೆ ಪಡೆಯಲಾಗದು, ಪ್ರತಿ ಇಟ್ಟುಕೊಳ್ಳಿ ಅಂದದ್ದು ಅದಕ್ಕೇ. ದರದ ಸೆಲ್‌ಗೆ ಜೋತುಬಿದ್ದ ಹಳೆಯ ಬಿಲ್ಲುಗಳು ಒಂದೇ ಫೈಲಿನೊಳಗಿನವು, ಅವಕ್ಕೆ ಬ್ರೇಕ್ ಲಿಂಕ್ ತಾಗುವುದಿಲ್ಲ. ಚೀಟಿಯ ದರವನ್ನೇ ಹೊಸ ಕಾಲಂನಲ್ಲಿ ಹಾಕಿಕೊಂಡು ಬರಬೇಕು. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ. ಎಲ್ಲ ಮುಗಿದ ಮೇಲೂ ಫೈಲು ತೆರೆದಾಗ ಅಪ್‌ಡೇಟ್ ಪ್ರಶ್ನೆ ಬರುತ್ತಿದ್ದರೆ, ಫೈಂಡ್‌ನಲ್ಲಿ ಚೌಕ ಆವರಣದ ಎಡ ಚಿಹ್ನೆ [ ಹಾಕಿ ಇಡೀ ವರ್ಕ್‌ಬುಕ್ಕಿನ ಫಾರ್ಮುಲಾಗಳಲ್ಲಿ ಹುಡುಕಿ, ಅಲ್ಲೂ ಸಿಗದಿದ್ದರೆ ಫಾರ್ಮುಲಾಸ್ ಮೆನುವಿನ ನೇಮ್ ಮ್ಯಾನೇಜರ್ ತೆರೆದು ನೋಡಿ, ಎಂದೋ ಇಟ್ಟ ಹೆಸರೊಂದು ಹಳೆಯ ಫೈಲಿನ ವಿಳಾಸ ಹಿಡಿದುಕೊಂಡಿರಬಹುದು.